ಸಂಶೋಧನೆಗೆ ಹಾಕಿದ ಸರ್ಕಾರಿ ದುಡ್ಡು ಏನಾಗುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ದೂರದರ್ಶಕಕ್ಕೆ ಸಾವಿರ ಕೋಟಿ, ಸೂಪರ್ ಕಂಪ್ಯೂಟರಿಗೆ ನೂರಾರು ಕೋಟಿ ಅಂತ ಪೇಪರಿನಲ್ಲಿ ಬಂದ ದಿನ ಟೀ ಅಂಗಡಿಯಲ್ಲೂ ಮನೆಯ ವಾಟ್ಸಾಪ್ ಗುಂಪಿನಲ್ಲೂ ಒಂದೇ ಮಾತು: "ನಮ್ಮೂರ ರಸ್ತೆಗೆ ಟಾರಿಲ್ಲ, ಇವರಿಗೆ ನಕ್ಷತ್ರ ಬೇಕಂತೆ." ಆ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲಾರೆ. ಹಾಗಾಗಿ ಜನ ಕೇಳುವ ಪ್ರಶ್ನೆಗಳನ್ನೇ ಒಂದೆಡೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಕರ್ನಾಟಕದ ಉದಾಹರಣೆ ಸ್ವಲ್ಪ ಜಾಸ್ತಿ ಇವೆ. ನಾನು ಹತ್ತಿರದಿಂದ ಬಲ್ಲದ್ದು ಅವನ್ನೇ.

ಸಂಶೋಧನಾ ಮೂಲಸೌಕರ್ಯ ಅಂದರೆ ಏನು? ಲ್ಯಾಬಾ?

ಲ್ಯಾಬ್ ಕೂಡ ಹೌದು. ಆದರೆ ಅಷ್ಟೇ ಅಲ್ಲ. ದೂರದರ್ಶಕ, ಗಾಳಿ ಸುರಂಗ, ಸೂಪರ್ ಕಂಪ್ಯೂಟರ್, ಹವಾಮಾನದ ರೇಡಾರ್, ಬಿತ್ತನೆ ತಳಿಗಳ ಸಂಗ್ರಹ, ರೋಗಾಣುಗಳನ್ನು ಭದ್ರವಾಗಿ ಇಟ್ಟು ಪರೀಕ್ಷಿಸುವ ಕೋಣೆ, ನೂರು ವರ್ಷದಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕ, ಎಲ್ಲವೂ ಇದರಲ್ಲಿ ಬರುತ್ತವೆ. ಒಬ್ಬ ವಿಜ್ಞಾನಿ ತನ್ನ ಸಂಬಳದಲ್ಲಿ ಕೊಳ್ಳಲಾಗದ, ಹಲವರು ಹಂಚಿಕೊಂಡು ಬಳಸುವ ಸಾಮಾನು ಅಂದುಕೊಳ್ಳಿ.

ನಮ್ಮ ಹಳ್ಳಿಯ ಕೆರೆಯನ್ನು ನೆನಪಿಸಿಕೊಂಡರೆ ಇದು ಬೇಗ ಅರ್ಥ ಆಗುತ್ತೆ. ಕೆರೆ ಕಟ್ಟಿದ ರಾಜನ ಹೆಸರು ಕಲ್ಲಿನ ಮೇಲೆ ಇರುತ್ತೆ. ಆದರೆ ಕೆರೆ ಬದುಕಿದ್ದು ವರ್ಷ ವರ್ಷ ಹೂಳು ತೆಗೆದವರಿಂದ, ಏರಿಯ ಬಿರುಕು ಮುಚ್ಚಿದವರಿಂದ, ಹೊತ್ತಿಗೆ ಸರಿಯಾಗಿ ತೂಬು ಎತ್ತಿದ ನೀರುಗಂಟಿಯಿಂದ. ಸಂಶೋಧನೆಯಲ್ಲೂ ಯಂತ್ರ ಎಷ್ಟು ಮುಖ್ಯವೋ ಅದನ್ನು ನೋಡಿಕೊಳ್ಳುವ ತಂತ್ರಜ್ಞ ಅಷ್ಟೇ ಮುಖ್ಯ. ಬಜೆಟ್ ಮಾಡುವಾಗ ಮೊದಲು ಮರೆತುಹೋಗುವುದು ಈ ನೀರುಗಂಟಿಯೇ.

ನನ್ನ ದಿನದ ಬದುಕಿಗೂ ಇದಕ್ಕೂ ಏನು ಸಂಬಂಧ?

ಓಟು ಹಾಕಿ ಬಂದ ದಿನ ನಿಮ್ಮ ಎಡಗೈ ತೋರುಬೆರಳು ನೋಡಿಕೊಳ್ಳಿ. ಆ ಶಾಯಿ ಹಚ್ಚಿದಾಗ ತಿಳಿ ನೇರಳೆ. ಮತಗಟ್ಟೆಯಿಂದ ಹೊರಗೆ ಬಂದು ಬಿಸಿಲಿಗೆ ನಿಂತರೆ ಕಪ್ಪಾಗುತ್ತಾ ಹೋಗುತ್ತೆ. ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿ, ಅಲ್ಲೇ ಕೂತುಬಿಡುತ್ತೆ. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲ್ಲ. ಹಳೆ ಚರ್ಮ ಉದುರಬೇಕು, ಉಗುರು ಬೆಳೆದು ಮುಂದೆ ಹೋಗಬೇಕು. ಅಲ್ಲಿವರೆಗೆ ಇರುತ್ತೆ.

ಈ ಶಾಯಿಯ ಸೂತ್ರ ಹೊರಬಂದದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಿಂದ. ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅಲ್ಲಿಂದಲೇ ಶಾಯಿ ಹೋಗುತ್ತಿದೆ. ಹೊರದೇಶಗಳಿಗೂ ಹೋಗುತ್ತೆ. ಅಂದರೆ ಒಂದು ಸರ್ಕಾರಿ ಪ್ರಯೋಗಾಲಯದ ಸೂತ್ರ, ಒಂದು ಸರ್ಕಾರಿ ಕಾರ್ಖಾನೆಯ ಕೈಯಲ್ಲಿ, ಅರವತ್ತು ವರ್ಷ ದಾಟಿ ದುಡಿಯುತ್ತಿದೆ. ಅದೇ ಪ್ರಯೋಗಾಲಯದ ಪರಮಾಣು ಗಡಿಯಾರವೇ ನಮ್ಮ ಭಾರತೀಯ ಕಾಲಮಾನವನ್ನೂ ಕಾಯುತ್ತೆ.

ಇನ್ನೊಂದು ಮೈಸೂರಿನದ್ದೇ. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಹಸುಗೂಸಿಗೆ ಹಾಗೇ ಒಗ್ಗಲ್ಲ. ಆದರೆ ಗುಜರಾತಿನಲ್ಲಿ ಇದ್ದದ್ದೇ ಎಮ್ಮೆ ಹಾಲು. ಅದನ್ನು ಮಗುವಿನ ಹೊಟ್ಟೆಗೆ ಹೊಂದುವ ಪುಡಿ ಮಾಡುವ ವಿಧಾನ ಕಂಡುಹಿಡಿದದ್ದು ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಅನ್ನೋ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೆ. ಅಮುಲ್ ಅದನ್ನು ತೆಗೆದುಕೊಂಡು ಡಬ್ಬಿಗೆ ತುಂಬಿತು. ಡಬ್ಬಿಯ ಮೇಲಿನ ಹೆಸರು ಎಲ್ಲರಿಗೂ ಗೊತ್ತು, ಅರಮನೆಯೊಳಗಿನ ಪ್ರಯೋಗಾಲಯ ಎಷ್ಟು ಜನಕ್ಕೆ ಗೊತ್ತು?

ಇದನ್ನೆಲ್ಲ ಖಾಸಗಿ ಕಂಪನಿಗಳೇ ಮಾಡಲಿ ಬಿಡಿ. ಸರ್ಕಾರ ಯಾಕೆ?

ಲಾಭ ಬೇಗ ಕಾಣುವ ಕಡೆ ಕಂಪನಿಗಳು ಮಾಡುತ್ತವೆ, ಮಾಡಲಿ. ಕಾಣದ ಕಡೆ ಯಾರೂ ಬರುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನಕ್ಕೂ ಜ್ವರ, ರಕ್ತಸ್ರಾವ. ಪುಣೆಯಲ್ಲಿ 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಇದು ಉಣುಗು ಕಚ್ಚಿ ಬರುವ ಹೊಸ ವೈರಸ್ ಅಂತ ಗುರುತಿಸಿದರು. ಕಾಯಿಲೆಗೆ ನಮ್ಮ ಕಾಡಿನ ಹೆಸರೇ ಬಂತು. ಊರಿನಲ್ಲಿ ನಾವು ಮಂಗನ ಕಾಯಿಲೆ ಅಂತೀವಿ. ಸೊಪ್ಪು ತರಗೆಲೆ ತರೋಕೆ ಕಾಡಿಗೆ ಹೋಗುವ ಒಂದಷ್ಟು ಸಾವಿರ ಬಡವರ ಕಾಯಿಲೆ ಇದು. ಇದರ ಲಸಿಕೆಗೆ ಯಾವ ಕಂಪನಿಗೆ ಮಾರುಕಟ್ಟೆ ಕಾಣುತ್ತೆ ಹೇಳಿ?

ಆ ಕೇಂದ್ರ ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆ ಆಯಿತು. 2020ರ ಜನವರಿಯಲ್ಲಿ ಕೇರಳದಲ್ಲಿ ದೇಶದ ಮೊದಲ ಕೋವಿಡ್ ರೋಗಿಯ ಮಾದರಿ ಹೋದದ್ದು ಅಲ್ಲಿಗೇ. ಮಾರ್ಚ್ ಹೊತ್ತಿಗೆ ಅವರು ವೈರಸ್ಸನ್ನು ಬೇರ್ಪಡಿಸಿ ಬೆಳೆಸಿದ್ದರು. ಕೊವ್ಯಾಕ್ಸಿನ್ ತಯಾರಾದದ್ದು ಅಲ್ಲಿಂದ ಕೊಟ್ಟ ವೈರಸ್ಸಿನಿಂದ. ಮಂಗನ ಕಾಯಿಲೆಯಂಥವುಗಳ ಬೆನ್ನು ಹತ್ತಿ ಅರವತ್ತು ವರ್ಷ ಪಳಗಿದ ಕೈ, ಬೇರೆ ಯಾವುದೋ ಕಾಯಿಲೆ ಬಂದಾಗ ಕೆಲಸಕ್ಕೆ ಬಂತು. ಫೆಬ್ರವರಿಯಲ್ಲಿ ದುಡ್ಡು ಕೊಟ್ಟು ಮಾರ್ಚಿನಲ್ಲಿ ಅಂಥ ಕೈ ತಯಾರಾಗಲ್ಲ.

ಗಾಳಿ ಸುರಂಗ ಅಂದಿರಲ್ಲ, ಅದೇನು?

ವಿಮಾನ ಹಾರಿಸಿ ನೋಡುವ ಬದಲು, ಅದರ ಚಿಕ್ಕ ಮಾದರಿಯನ್ನು ಕಟ್ಟಿ ನಿಲ್ಲಿಸಿ ಅದರ ಮೇಲೆ ಗಾಳಿ ಬಿಡುವ ಏರ್ಪಾಟು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1967ರಿಂದ 1.2 ಮೀಟರಿನ ಒಂದು ಸುರಂಗ ಕೆಲಸ ಮಾಡುತ್ತಿದೆ. ದೊಡ್ಡ ತೊಟ್ಟಿಗಳಲ್ಲಿ ಗಾಳಿಯನ್ನು ಒತ್ತಿ ತುಂಬುತ್ತಾರೆ. ಒಮ್ಮೆಲೇ ಬಿಡುತ್ತಾರೆ. ಕೆಲವೇ ಸೆಕೆಂಡಿನ ಆಟ. ಶಬ್ದಕ್ಕಿಂತ ನಿಧಾನ, ಶಬ್ದದಷ್ಟೇ, ಶಬ್ದಕ್ಕಿಂತ ಜೋರು, ಮೂರೂ ಸಾಧ್ಯ. ತೇಜಸ್ ಯುದ್ಧವಿಮಾನದ ಮಾದರಿಗಳು, ಇಸ್ರೋದ ರಾಕೆಟ್ ಮಾದರಿಗಳು ಈ ಗಾಳಿಗೆ ಎದೆಯೊಡ್ಡಿಯೇ ಮುಂದೆ ಹೋದವು. 1967ರಲ್ಲಿ ಅದನ್ನು ಕಟ್ಟಿದವರ ಮುಂದೆ ತೇಜಸ್‌ನ ಕನಸೂ ಇರಲಿಲ್ಲ.

ಒಂದೇ ಸಲ ದೊಡ್ಡ ಮೊತ್ತ ಕೊಟ್ಟರೆ ಸಾಲದೇ? ಸತತವಾಗಿ ಯಾಕೆ ಕೊಡಬೇಕು?

ಇದಕ್ಕೆ ಕೋಲಾರದ ಕಥೆ ಹೇಳಲೇಬೇಕು. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಆಕಾಶದಿಂದ ಕಾಸ್ಮಿಕ್ ಕಿರಣಗಳು ಸದಾ ನಮ್ಮ ಮೇಲೆ ಬೀಳುತ್ತಿರುತ್ತವೆ. ನೆಲದೊಳಗೆ ಇಳಿದಷ್ಟೂ ಬಂಡೆ ಅವನ್ನು ತಡೆಯುತ್ತೆ. 1950ರ ದಶಕದ ಶುರುವಿನಲ್ಲಿ ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಉಪಕರಣ ಹಿಡಿದು ಕೆಜಿಎಫ್ ಗಣಿಗೆ ಇಳಿದರು. ಆಳ ಹೋದಂತೆ ಕಣಗಳು ಎಷ್ಟು ಕಮ್ಮಿ ಆಗುತ್ತವೆ ಅಂತ ಅಳೆಯುತ್ತಾ ಹೋದರು. ತೀರಾ ಆಳದಲ್ಲಿ ಹೆಚ್ಚೂಕಡಿಮೆ ಎಲ್ಲ ಸದ್ದು ಅಡಗಿಹೋಗುತ್ತೆ. ಹಾಗಾದರೆ ಬಂಡೆಯನ್ನೇ ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೊ ಅನ್ನೋ ಸೂಕ್ಷ್ಮ ಕಣವನ್ನು ಇಲ್ಲಿ ಹಿಡಿಯಬಹುದಲ್ಲ ಅಂತ ಹೊಳೆದದ್ದು ಆಮೇಲೆ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ತಂಡಗಳು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಪತ್ತೆ ಮಾಡಿದವು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ಜಗತ್ತಿನಲ್ಲಿ ಮೊದಲು ಕಂಡದ್ದು ಈ ಎರಡೇ ಕಡೆ. ಯೋಚಿಸಿ, ಗಣಿ ಕಾರ್ಮಿಕರು ಇಳಿಯುವ ಅದೇ ತೊಟ್ಟಿಲಲ್ಲಿ ಇಳಿದು, ಸೆಖೆಯಲ್ಲಿ ಬೆವರುತ್ತಾ ಮಾಡಿದ ಕೆಲಸ.

ಆಮೇಲೆ? 1980ರ ದಶಕದಲ್ಲಿ ಅಲ್ಲೇ ಪ್ರೋಟಾನ್ ಒಡೆಯುತ್ತದೆಯೇ ಅಂತ ನೋಡುವ ಪ್ರಯೋಗ ನಡೆಯಿತು. 1990ರ ದಶಕದ ಶುರುವಿಗೆ ಎಲ್ಲ ನಿಂತಿತು. ಚಿನ್ನದ ಖರ್ಚು ಗಿಟ್ಟದೆ 2001ರಲ್ಲಿ ಗಣಿಯೇ ಮುಚ್ಚಿತು.

ಜಪಾನಿನವರು ಏನು ಮಾಡಿದರು ನೋಡಿ. ಕಾಮಿಯೋಕ ಅನ್ನೋ ಗಣಿಯಲ್ಲಿ 1983ರಲ್ಲಿ ನೀರಿನ ದೊಡ್ಡ ತೊಟ್ಟಿ ಇಟ್ಟರು. 1987ರಲ್ಲಿ ನಕ್ಷತ್ರವೊಂದು ಸಿಡಿದಾಗ ಅದರ ನ್ಯೂಟ್ರಿನೊ ಅಲ್ಲಿ ಸಿಕ್ಕಿತು. ಸುಮ್ಮನೆ ಕೂರಲಿಲ್ಲ. 1996ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ತೊಟ್ಟಿ ಕಟ್ಟಿದರು. 1998ರಲ್ಲಿ ನ್ಯೂಟ್ರಿನೊ ರೂಪ ಬದಲಿಸುತ್ತೆ ಅಂತ ತೋರಿಸಿದರು. ಅದೂ ವಾತಾವರಣದ ನ್ಯೂಟ್ರಿನೊ, ಕೋಲಾರದಲ್ಲಿ ಮೊದಲು ಕಂಡದ್ದೇ! 2002ರಲ್ಲಿ ಒಂದು ನೊಬೆಲ್, 2015ರಲ್ಲಿ ಇನ್ನೊಂದು.

ನಮ್ಮಲ್ಲಿ 2015ರಲ್ಲೇ ತಮಿಳುನಾಡಿನ ಥೇಣಿ ಜಿಲ್ಲೆಯಲ್ಲಿ ಹೊಸ ನ್ಯೂಟ್ರಿನೊ ಕೇಂದ್ರಕ್ಕೆ ಸುಮಾರು 1,500 ಕೋಟಿಯ ಒಪ್ಪಿಗೆ ಸಿಕ್ಕಿತು. ಪರಿಸರದ ಅನುಮತಿ, ಸ್ಥಳೀಯರ ವಿರೋಧ, ಕೋರ್ಟು ಅಂತ ಅದು ನಿಂತಲ್ಲೇ ನಿಂತಿದೆ. ವಿರೋಧಿಸಿದವರನ್ನು ಬೈಯುವುದು ಸುಲಭ. ನನಗೆ ಅನ್ನಿಸುವುದು ಬೇರೆ: ಕೆಜಿಎಫ್‌ನ ಕೆಲಸ ನಿಲ್ಲದೆ ನಡೆದಿದ್ದರೆ ಹೊಸ ಬೆಟ್ಟ ಕೊರೆಯುವ ಮಾತೇ ಬರುತ್ತಿತ್ತೋ ಇಲ್ಲವೋ.

ಬಿಡದೆ ನಡೆಸಿಕೊಂಡು ಬಂದ ಉದಾಹರಣೆ ನಮ್ಮಲ್ಲಿ ಇಲ್ವಾ?

ಇದೆ, ಅದೂ ಚೆನ್ನಾಗಿದೆ. ಊಟಿಗೆ ಹೋದವರು ಬೆಟ್ಟದ ಇಳಿಜಾರಿನಲ್ಲಿ ಉದ್ದಕ್ಕೆ ಮಲಗಿದ ಒಂದು ಉಕ್ಕಿನ ಚೌಕಟ್ಟನ್ನು ನೋಡಿರಬಹುದು. ಅದು ರೇಡಿಯೊ ದೂರದರ್ಶಕ. 530 ಮೀಟರ್ ಉದ್ದ, 30 ಮೀಟರ್ ಅಗಲ. 1970ರಿಂದ ಕೆಲಸ ಮಾಡುತ್ತಿದೆ. ಗೋವಿಂದ ಸ್ವರೂಪ್ ಮತ್ತು ಅವರ ತಂಡ ಬೇಕೆಂದೇ ಅಂಥ ಬೆಟ್ಟ ಹುಡುಕಿದರು. ಅಲ್ಲಿನ ಅಕ್ಷಾಂಶ ಸುಮಾರು 11 ಡಿಗ್ರಿ, ಬೆಟ್ಟದ ಇಳಿಜಾರೂ 11 ಡಿಗ್ರಿ. ಹಾಗಾಗಿ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮನಾಗಿ ಕೂತಿದೆ. ಒಂದೇ ಕಡೆಗೆ ನಿಧಾನ ತಿರುಗಿಸಿದರೆ ಸಾಕು, ಒಂದು ನಕ್ಷತ್ರವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ದುಡ್ಡು ಕಮ್ಮಿ ಇದ್ದಾಗ ಬೆಟ್ಟವನ್ನೇ ಯಂತ್ರದ ಭಾಗ ಮಾಡಿಕೊಂಡ ಬುದ್ಧಿ ನನಗೆ ಬಲು ಇಷ್ಟ.

ಊಟಿಯಲ್ಲಿ ಕೈ ಪಳಗಿದವರೇ 1990ರ ದಶಕದಲ್ಲಿ ಪುಣೆ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಅನ್ನೋ ರೇಡಿಯೊ ದೂರದರ್ಶಕ ಕಟ್ಟಿದರು. 45 ಮೀಟರ್ ಅಗಲದ 30 ಬುಟ್ಟಿಗಳು, ಸುಮಾರು 25 ಕಿಲೋಮೀಟರ್ ಹರಡಿಕೊಂಡಿವೆ. ಗಟ್ಟಿ ತಗಡಿನ ಬದಲು ಬಿಗಿದ ಹಗ್ಗದಂಥ ತಂತಿಗಳ ಮೇಲೆ ತೆಳು ಜಾಲರಿ ಎಳೆದು ಕಟ್ಟಿದರು. ಹಗುರ, ಗಾಳಿಗೆ ಬಗ್ಗಲ್ಲ, ಖರ್ಚೂ ಕಮ್ಮಿ. 2016ರಲ್ಲಿ ಯುರೋಪಿನ ಷ್ಯಾಪರೆಲಿ ನೌಕೆ ಮಂಗಳ ಗ್ರಹಕ್ಕೆ ಇಳಿಯುವಾಗ ಅದರ ಕ್ಷೀಣ ದನಿಯನ್ನು ಭೂಮಿಯಿಂದ ಕೇಳಿಸಿಕೊಂಡದ್ದು ಜಿಎಂಆರ್‌ಟಿ. 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಇಬ್ಬರು ಇದೇ ದೂರದರ್ಶಕದ ಮಾಹಿತಿಯಿಂದ ಬಹುದೂರದ ಗೆಲಾಕ್ಸಿಯೊಂದರ ಹೈಡ್ರೋಜನ್ ಸಂಕೇತ ಹೆಕ್ಕಿ ತೆಗೆದರು. ಈಗ ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಏಳುತ್ತಿರುವ ಎಸ್‌ಕೆಎ ಅನ್ನೋ ಭಾರಿ ದೂರದರ್ಶಕಕ್ಕೆ ಭಾರತ 1,250 ಕೋಟಿ ಕೊಟ್ಟು ಪಾಲುದಾರನಾಗಿದೆ. ಅದರ ನಿಯಂತ್ರಣ ವ್ಯವಸ್ಥೆಯ ವಿನ್ಯಾಸದಲ್ಲಿ ಜಿಎಂಆರ್‌ಟಿಯವರ ಕೈ ದೊಡ್ಡದು. ಊಟಿಯ ಬೆಟ್ಟದಿಂದ ಇಲ್ಲಿಗೆ ಅರ್ಧ ಶತಮಾನ, ನಡುವೆ ಎಲ್ಲೂ ಎಳೆ ಕಡಿದಿಲ್ಲ.

ಬಿಡದಿ ಕಡೆಯ ಬ್ಯಾಲಾಳಿನ 32 ಮೀಟರ್ ಆಂಟೆನಾ ಕೂಡ ಅಂಥದ್ದೇ. 2008ರ ಚಂದ್ರಯಾನ-1ಕ್ಕೆ ಅಂತ ಕಟ್ಟಿದ್ದು. ಮಂಗಳಯಾನಕ್ಕೂ ದುಡಿಯಿತು, 2023ರ ಚಂದ್ರಯಾನ-3ಕ್ಕೂ ದುಡಿಯಿತು. "ಬರೀ 600 ಚಿಲ್ಲರೆ ಕೋಟಿಯಲ್ಲಿ ಚಂದ್ರ ಮುಟ್ಟಿದೆವು" ಅಂತ ಹೆಮ್ಮೆ ಪಡುತ್ತೀವಲ್ಲ, ಆ ಲೆಕ್ಕದಲ್ಲಿ ಮೊದಲೇ ಕಟ್ಟಿಟ್ಟ ಇಂಥವು ಸೇರುವುದಿಲ್ಲ.

ರೈತರಿಗೆ ಏನು ಸಿಕ್ಕಿತು?

ನಾನು ಅಡಿಕೆ ತೋಟದ ಮನೆಯವನು. ಹಾಗಾಗಿ ಕೊಳೆರೋಗದಿಂದ ಶುರು ಮಾಡುತ್ತೇನೆ.

ಮಳೆ ಹಿಡಿದರೆ ಕಾಯಿ ಕೊಳೆತು ಉದುರುತ್ತೆ. ಹಿಂದಿನವರು ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಕರೆಸಿತು. ಅವರು ಕೊಳೆರೋಗದ ಜಾತಕ ಜಾಲಾಡಿ 1910ರಲ್ಲಿ ಅದರ ಬಗ್ಗೆ ಬರೆದರು. ಬೋರ್ಡೋ ದ್ರಾವಣ ಹೊಡೆಯಿರಿ ಅಂದರು.

ಇವತ್ತೂ ನಮ್ಮನೆ ಅಂಗಳದಲ್ಲಿ ಮಳೆಗಾಲಕ್ಕೆ ಮುಂಚೆ ಅದೇ ಕೆಲಸ. ಒಂದು ಕಿಲೋ ಮೈಲುತುತ್ತು ಒಂದು ಕಡೆ ಕರಗಬೇಕು. ಒಂದು ಕಿಲೋ ಸುಣ್ಣ ಇನ್ನೊಂದು ಕಡೆ. ಎರಡೂ ಸೇರಿ ನೂರು ಲೀಟರ್. ಬೆರೆಸಿದಾಗ ಆಕಾಶದ ಬಣ್ಣ ಬರುತ್ತೆ. ಆಮೇಲೆ ಅಪ್ಪ ಉಜ್ಜಿ ತೊಳೆದ ಚಾಕು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನೊಂದು ಹಿಡಿ ಹಾಕು ಅಂತ ಲೆಕ್ಕ. ನೂರು ವರ್ಷ ದಾಟಿದ ಒಂದು ಸರ್ಕಾರಿ ಸಂಶೋಧನೆ ಹೀಗೆ ಚಾಕಿನ ತುದಿಯಲ್ಲಿ ಬದುಕಿದೆ. ಅಪ್ಪನಿಗೆ ಕೋಲ್ಮನ್ ಹೆಸರು ಗೊತ್ತಿಲ್ಲ.

ರಾಗಿಯ ಕಥೆ ಇನ್ನೂ ದೊಡ್ಡದು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿದರು. ಇಂಡಿಯಾ, ಆಫ್ರಿಕಾ, ಎರಡೂ ಸೇರಿ ಇಂಡಾಫ್. ರಾಗಿ ಹೂವು ಎಷ್ಟು ಸಣ್ಣದು ಅಂತ ನೋಡಿದವರಿಗೆ ಆ ಕೆಲಸದ ತಾಳ್ಮೆ ಗೊತ್ತು. ಇಳುವರಿ ಏರಿತು. ಮುಂದೆ ಬೆಂಕಿರೋಗ ತಡೆಯುವ ಜಿಪಿಯು-28 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂತು. ಬಯಲುಸೀಮೆಯ ಎಷ್ಟು ಮುದ್ದೆಗಳು ಅದರಿಂದಲೇ ಆಗಿವೆಯೋ! ಇಂಥ ತಳಿ ಹೊರಡಬೇಕಾದರೆ ಸಾವಿರಾರು ಬೀಜದ ಮಾದರಿಗಳನ್ನು ಸಾಯದಂತೆ ಕಾಪಾಡಬೇಕು. ನಡುವೆ ಒಂದೆರಡು ವರ್ಷ ದುಡ್ಡು ನಿಂತರೆ ಮೊಳಕೆ ಶಕ್ತಿಯೇ ಹೋಗುತ್ತೆ. ಆಮೇಲೆ ಕೋಟಿ ಕೊಟ್ಟರೂ ಆ ಬೀಜ ವಾಪಸ್ ಬರಲ್ಲ.

ಈಗ ಮಲೆನಾಡಿನಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ. ವಿಜ್ಞಾನಿಗಳು ಇವತ್ತೇ ಮದ್ದು ಕೊಡಲಿ ಅಂತ ಸಭೆಗಳಲ್ಲಿ ಕೂಗುತ್ತೀವಿ. ನಾನೂ ಕೂಗಿದ್ದೇನೆ.

ಮೀನುಗಾರರಿಗೆ?

ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಮೇಲ್ಮೈ ಬಿಸಿ ಮತ್ತು ನೀರಿನ ಹಸಿರು ನೋಡಿ, ಮೀನು ಎಲ್ಲಿ ಸೇರಬಹುದು ಅಂತ ಸೂಚನೆ ಕೊಡುತ್ತೆ. ನಮ್ಮ ಕರಾವಳಿಗೂ ಬರುತ್ತೆ. ಸುಮ್ನೆ ಅಲೆಯುವುದು ತಪ್ಪಿದರೆ ಉಳಿಯುವುದು ಡೀಸೆಲ್. 2007ರಿಂದ ಸುನಾಮಿ ಎಚ್ಚರಿಕೆಯೂ ಅಲ್ಲಿಂದಲೇ.

ಫಲ ಸಿಗೋಕೆ ಎಷ್ಟು ವರ್ಷ ಕಾಯಬೇಕು?

ಒಂದೇ ಉತ್ತರ ಇಲ್ಲ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಮಹಾ ಚಂಡಮಾರುತ ಬಡಿದಾಗ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸತ್ತವರು ಐವತ್ತರ ಆಸುಪಾಸು. ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ನಡುವಿನ ಹದಿನಾಲ್ಕು ವರ್ಷದಲ್ಲಿ ಆದದ್ದು ಇಷ್ಟು: ಡಾಪ್ಲರ್ ರೇಡಾರ್‌ಗಳು, ಉಪಗ್ರಹ, ಸಮುದ್ರದ ತೇಲುಬುರುಡೆಗಳು, ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರ್. ಜೊತೆಗೆ ಒಡಿಶಾ ಸರ್ಕಾರ ಕಟ್ಟಿದ ಆಶ್ರಯ ಕಟ್ಟಡಗಳು, ಮನೆ ಮನೆಗೆ ಓಡಿದ ಸ್ವಯಂಸೇವಕರು. ವಿಜ್ಞಾನ ಒಂದೇ ಉಳಿಸಿತು ಅಂದರೆ ತಪ್ಪಾಗುತ್ತೆ. ಆದರೆ ನಾಲ್ಕು ದಿನ ಮೊದಲೇ ಗೊತ್ತಿರದಿದ್ದರೆ ಅಷ್ಟು ಜನರನ್ನು ಎಬ್ಬಿಸಿ ಸಾಗಿಸೋದು ಹೇಗೆ?

ಕೆಲವು ಫಲ ನೂರು ವರ್ಷಕ್ಕೆ ಸಿಗುತ್ತವೆ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1901ರಿಂದ ಸೂರ್ಯನನ್ನು ನೋಡುತ್ತಾ ಚಿತ್ರ ತೆಗೆದು ಇಟ್ಟಿದ್ದಾರೆ. ಅದನ್ನು ನಡೆಸುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೇ ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಸೂರ್ಯನನ್ನು ನೋಡುವ ಇಸ್ರೋ ನೌಕೆ ಆದಿತ್ಯ-ಎಲ್1ರ ಮುಖ್ಯ ಉಪಕರಣ ತಯಾರಿಸಿದರು. ಆಕಾಶದಲ್ಲಿ ಹೊಸ ಕಣ್ಣು, ನೆಲದಲ್ಲಿ ನೂರು ವರ್ಷದ ಹಳೆ ಲೆಕ್ಕ. ಸೂರ್ಯನಂಥ ನಿಧಾನದ ಗಿರಾಕಿಗೆ ಎರಡೂ ಬೇಕು.

ಹೊರಗಿನಿಂದ ಕೊಂಡುಕೊಂಡರೆ ಆಗಲ್ವಾ?

ಕೊಡುವವರು ಕೊಡುವವರೆಗೆ ಆಗುತ್ತೆ. 1980ರ ದಶಕದಲ್ಲಿ ಅಮೆರಿಕದವರು ನಾವು ಕೇಳಿದ ಸೂಪರ್ ಕಂಪ್ಯೂಟರ್ ಕೊಡಲು ತಕರಾರು ತೆಗೆದರು. 1986ರಲ್ಲೇ ಎನ್‌ಎಎಲ್ ಫ್ಲೋಸಾಲ್ವರ್ ಅನ್ನೋ ಕಂಪ್ಯೂಟರ್ ಕಟ್ಟಿತ್ತು. 1991ರಲ್ಲಿ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನ ಪರಮ್ 8000 ಸೂಪರ್ ಕಂಪ್ಯೂಟರ್ ಬಂತು. ಕ್ರಯೋಜೆನಿಕ್, ಅಂದರೆ ತೀರಾ ತಣ್ಣಗಿನ ಇಂಧನದ ರಾಕೆಟ್ ಎಂಜಿನ್ನಿನ ತಂತ್ರಜ್ಞಾನ ಕೊಡುತ್ತೇವೆ ಅಂದಿದ್ದ ರಷ್ಯಾ, ಅಮೆರಿಕದ ಒತ್ತಡಕ್ಕೆ 1993ರಲ್ಲಿ ಹಿಂದೆ ಸರಿಯಿತು. ನಮ್ಮದೇ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಗೆದ್ದದ್ದು 2014ರ ಜನವರಿಯಲ್ಲಿ. ಇಪ್ಪತ್ತು ವರ್ಷ ಹಿಡಿಯಿತು, ನಡುವೆ ಸೋಲೂ ಆಯಿತು.

ಕೆಲಸ ಹುಟ್ಟುತ್ತಾ?

ಹುಟ್ಟುತ್ತೆ, ಆದರೆ ಲ್ಯಾಬಿನ ಒಳಗಿಗಿಂತ ಹೊರಗೆ ಜಾಸ್ತಿ. 1909ರ ಐಐಎಸ್‌ಸಿಗೆ ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1940ರಲ್ಲಿ ಎಚ್‌ಎಎಲ್ ಬಂತು. ವಿಮಾನ ರಿಪೇರಿಗೆ, ವಿನ್ಯಾಸಕ್ಕೆ ಓದಿದ ಹುಡುಗರು ಬೇಕಾದರು. 1942ರಲ್ಲಿ ಐಐಎಸ್‌ಸಿಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಆಮೇಲೆ ಎನ್‌ಎಎಲ್. 1975ರ ಆರ್ಯಭಟ ಉಪಗ್ರಹ ತಯಾರಾದದ್ದು ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಯು. ಆರ್. ರಾವ್ ಮುಂದಾಳತ್ವದಲ್ಲಿ. ಸುತ್ತಮುತ್ತಲ ಲೇತ್ ಮೆಷಿನ್‌ಗಳಿಗೆ ಕೂದಲೆಳೆಯ ಲೆಕ್ಕ ತಪ್ಪದ ಕೆಲಸ ಬಂತು. ಬೆಂಗಳೂರಿನ ಹವೆ ಚೆನ್ನಾಗಿದೆ ಅಂತ ಕಂಪನಿಗಳು ಬಂದವು ಅನ್ನೋರು ಈ ಎಂಬತ್ತು ವರ್ಷವನ್ನು ಬಿಟ್ಟು ಹೇಳುತ್ತಾರೆ.

ಒಂದು ರೂಪಾಯಿ ಹಾಕಿದರೆ ಎಷ್ಟು ವಾಪಸ್ ಬರುತ್ತೆ?

ಒಂದಕ್ಕೆ ಇಷ್ಟು ಅಂತ ಯಾರಾದರೂ ಖಡಾಖಂಡಿತ ಹೇಳಿದರೆ ಸ್ವಲ್ಪ ಅನುಮಾನದಿಂದಲೇ ಕೇಳಿಸಿಕೊಳ್ಳಿ. ಉದುರದ ಅಡಿಕೆಗೆ, ಒಡಿಶಾದಲ್ಲಿ ಬದುಕಿದವರಿಗೆ ಬೆಲೆ ಕಟ್ಟುವುದು ಯಾರು?

ಹಾಗಾದರೆ ನಾವು ಎಷ್ಟು ಖರ್ಚು ಮಾಡ್ತಿದ್ದೀವಿ?

ಕಮ್ಮಿ. 2020-21ರಲ್ಲಿ ಸರ್ಕಾರಿ, ಖಾಸಗಿ ಎಲ್ಲ ಸೇರಿ ಸುಮಾರು 1.27 ಲಕ್ಷ ಕೋಟಿ. ಕೇಳೋಕೆ ದೊಡ್ಡದು, ಆದರೆ ಜಿಡಿಪಿಯ 0.64 ಶೇಕಡ ಅಷ್ಟೇ. ದಕ್ಷಿಣ ಕೊರಿಯಾ 5 ಶೇಕಡದ ಹತ್ತಿರ ಇದೆ, ಚೀನಾ 2.4 ದಾಟಿದೆ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರವೇ ಹಾಕುತ್ತೆ. ಕೊರಿಯಾದಲ್ಲಿ ಬಹುಪಾಲು ಕಂಪನಿಗಳು ಹಾಕುತ್ತವೆ. 2023ರಲ್ಲಿ ಹೊಸ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತು. ಐದು ವರ್ಷಕ್ಕೆ 50,000 ಕೋಟಿಯ ಮಾತು, ಅದರಲ್ಲೂ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕು. ಬಂದಾಗ ನೋಡೋಣ.

ದುಡ್ಡು ಪೋಲಾಗೋದೇ ಇಲ್ವಾ?

ಆಗುತ್ತೆ, ಧಾರಾಳವಾಗಿ. ನಾನು ಎಂಎಸ್ಸಿ ಓದುವಾಗ ನಮ್ಮ ವಿಭಾಗಕ್ಕೆ ಒಂದು ದುಬಾರಿ ಯಂತ್ರ ಬಂತು. ಮಾರ್ಚ್ ಕೊನೆ, ಬಜೆಟ್ ಮುಗಿಸಬೇಕಿತ್ತು. ತರಿಸಿದರು. ಇಡೋ ಕೋಣೆಗೆ ಎಸಿ ಇಲ್ಲ. ಎಸಿಗೆ ಬೇರೆ ಖಾತೆ, ಬೇರೆ ಟೆಂಡರ್. ಎರಡು ವರ್ಷ ಅದು ಮರದ ಪೆಟ್ಟಿಗೆಯಲ್ಲೇ ಕೂತಿತು. ನಾವು ಅದರ ಮೇಲೆ ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದೆವು. ಪೆಟ್ಟಿಗೆ ತೆರೆಯುವ ಹೊತ್ತಿಗೆ ವಾರಂಟಿ ಮುಗಿದಿತ್ತು.

ಇದು ಒಂದು ಕಡೆಯ ಕಥೆ ಅಲ್ಲ. ಕಟ್ಟಡಕ್ಕೆ, ಯಂತ್ರಕ್ಕೆ ದುಡ್ಡು ಸಿಗುತ್ತೆ. ಉದ್ಘಾಟನೆಗೆ ರಿಬ್ಬನ್ ಇರುತ್ತಲ್ಲ! ರಿಪೇರಿಗೆ, ಬಿಡಿಭಾಗಕ್ಕೆ, ತಂತ್ರಜ್ಞರ ಸಂಬಳಕ್ಕೆ ಸಿಗಲ್ಲ. ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗುತ್ತೆ. ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ಶಕ್ತಿ ಸಾಲದು ಅಂತ 2022ರ ಹೊತ್ತಿಗೆ ನಿಲ್ಲಿಸಬೇಕಾಯಿತು. ಹೊಸದರ ಕೆಲಸ ಅದಕ್ಕೆ ಮೊದಲೇ ಶುರುವಾಗಬೇಕಿತ್ತು, ಅಲ್ವಾ?

ಸ್ಥಳೀಯರಿಗೆ ತೊಂದರೆ ಆಗಲ್ವಾ?

ಆಗಿದೆ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನು ಸುಮಾರು ಹದಿನೈದು ವರ್ಷದ ಹಿಂದೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಐಐಎಸ್‌ಸಿ, ಅಣು ಸಂಶೋಧನೆಯ ಬಾರ್ಕ್, ಇಸ್ರೋಗಳಿಗೆ ಕೊಟ್ಟರು. 2023ರ ಏಪ್ರಿಲಿನಲ್ಲಿ ಇಸ್ರೋದ ಮರುಬಳಕೆ ವಾಹನ ತಾನೇ ಇಳಿದದ್ದು ಅಲ್ಲಿನ ರನ್‌ವೇ ಮೇಲೆ. ವಿಡಿಯೊ ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಆ ಬೇಲಿಯ ಹೊರಗೆ ಕುರಿ ಮೇಯಿಸುವವರು, ಕಂಬಳಿ ನೇಯುವವರು ಇದ್ದಾರೆ. ಕಾವಲು ಅವರಿಗೆ ಖಾಲಿ ಜಾಗ ಆಗಿರಲಿಲ್ಲ. ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಸರ್ಕಾರಿ ಲೆಕ್ಕದಲ್ಲಿ ಈ ನೆಲ ಅಗ್ಗಕ್ಕೆ ಸಿಕ್ಕಿತು ಅಂತ ಬರೆದಿರುತ್ತೆ. ಬೆಲೆ ತೆತ್ತವರು ಬೇರೆ.

ತಾಲ್ಲೂಕು ಕಾಲೇಜಿನ ವಿದ್ಯಾರ್ಥಿಗೆ ಇವು ಬಳಸೋಕೆ ಸಿಗುತ್ತವಾ?

ಮೊದಲಿಗಿಂತ ವಾಸಿ. ಐ-ಸ್ಟೆಮ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಯಾವ ಯಂತ್ರ ಯಾವ ಸಂಸ್ಥೆಯಲ್ಲಿದೆ ಅಂತ ನೋಡಿ, ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬಹುದು. 2025ರಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ಕಾಲೇಜುಗಳಿಗೂ ಸಾವಿರಾರು ವಿಜ್ಞಾನ ಪತ್ರಿಕೆಗಳು ಓದೋಕೆ ಸಿಗುತ್ತಿವೆ. ನಿಮ್ಮ ಕಾಲೇಜು ನೋಂದಾಯಿಸಿಕೊಂಡಿದೆಯಾ ಅಂತ ಲೈಬ್ರರಿಯವರನ್ನು ಇವತ್ತೇ ಕೇಳಿ. ಎಷ್ಟೋ ಕಡೆ ಯಾರೂ ಕೇಳಿಲ್ಲ ಅಂತಲೇ ಆಗಿರಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬಹುದಾ?

ಐಐಎಸ್‌ಸಿ ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತೆ. ಬೆಳಗ್ಗೆ ಬೇಗ ಹೋಗಿ, ನೀರಿನ ಬಾಟಲಿ ಇರಲಿ, ಜನಜಾತ್ರೆ. ಜಿಎಂಆರ್‌ಟಿಯವರು ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದ್‌ನಲ್ಲಿ ದೊಡ್ಡ ಪ್ರದರ್ಶನ ಇಡುತ್ತಾರೆ, ಸುತ್ತಲ ಹಳ್ಳಿ ಶಾಲೆಗಳ ಮಕ್ಕಳು ಬರುತ್ತಾರೆ. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿಗೆ ಮೊದಲೇ ಅನುಮತಿ ಕೇಳಿ ಹೋಗಬೇಕು. ಒಳಗೆ ಮೊಬೈಲ್ ಆಫ್ ಮಾಡಿ. ನಿಮ್ಮ ಫೋನಿನ ಗದ್ದಲದ ಮುಂದೆ ಆಕಾಶದ ದನಿ ತೀರಾ ಸಣ್ಣದು.

ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬ ಕಾಣುತ್ತೆ, ಗಣಿ ಬಾಯಿಯ ಮೇಲಿನ ಹಳೆ ಉಕ್ಕಿನ ಗೋಪುರ ಕಾಣುತ್ತೆ. ನ್ಯೂಟ್ರಿನೊ ಸಿಕ್ಕ ಜಾಗಕ್ಕೆ ಇಳಿಯೋ ಹಾಗಿಲ್ಲ. ಕೆಳಗೆಲ್ಲ ನೀರು ತುಂಬಿದೆ.